ಪಗಾರ ಬಂದ್ ಆಗ್ತದಂತ

…ಬ್ಯಾಡ ನಾಗರತ್ನಕ್ಕಾ, ಚಾ ಬ್ಯಾಡ, ಏನೂ ಬ್ಯಾಡ. ನಿಮ್ಮ ಮಾವ ಬಾಯಿ ತೆಗದು ಒಂದ್ ಮಾತ ಆಡಿದ್ರ ಸಾಕು, ನನ್ನ ಹೊಟ್ಟಿ ತುಂಬ್ತದ. ನೀವ್ ಹೋಗ್ರಿ, ನಳದಾಗ ನೀರ ಬಂದಾವ. ನಾ ಇಲ್ಲೇ ಕುಂತಿರ್ತೀನಿ.

ಹೂಂ. ಹೋದ್ಲು.

ಈಗ ಹೇಳ್ರಿ ಅಮೃತಪ್ಪ ಕಾಕಾ. ಇಲ್ಲಿ ಯಾರೂ ಇಲ್ಲ. ನೀವು, ನಾನು, ಈ ಹೊರಸು. ಗ್ವಾಡಿ ಕಡಿ ಹೊಳ್ಳಬ್ಯಾಡ್ರಿ, ಗ್ವಾಡಿಗೇನ್ ಗೊತ್ತು? ನನ್ನ ಕಡಿ ನೋಡ್ರಿ. ನಾಳಿ ಮುಂಜಾನಿ ಹತ್ತಕ್ಕ ಆಫೀಸಿನ ಭಾಗ್ಯಶ್ರೀ ಮೇಡಂ ತಪಾಸಣಿಗಿ ಬರ್ಲಿಕತ್ತಾರ. ಜೀಪ್ ಬಂದು ನಮ್ಮ ಹಿರಿಯರ ಹಗಲು ಕೇಂದ್ರದ ಮುಂದ ನಿಂದರ್ತದ. ಒಳಗ ಇಪ್ಪತ್ತೈದು ಮಂದಿ ಹಿರಿಯರು ನಕ್ಕೋತ, ಆಡ್ಕೋತ ಕಂಡ್ರ ಸರಿ. ಇಲ್ಲಂದ್ರ ಕೀಲಿ. ಖಾಯಂ ಕೀಲಿ! ಸರ್ಕಾರದ ರೊಕ್ಕ ಮುಂದ ಬರಂಗಿಲ್ಲ. ಮಧ್ಯಾಹ್ನದ ಊಟ ಇಲ್ಲ, ಕೇರಂ ಇಲ್ಲ, ರೇಡಿಯೋ ಇಲ್ಲ. ನಾವು ಕುಂದ್ರೋ ಸೊಸೈಟಿ ಗೋದಾಮಿನಾಗ ಮತ್ತ ಗೊಬ್ಬರದ ಚೀಲ ಒಟ್ತಾರ.

ಇದು ನಾ ಹೇಳೋ ಮಾತಲ್ಲ. ಪಂಚಾಯ್ತಿ ಅಶೋಕಕುಮಾರ ಮೇಡಂ ಆಫೀಸಿನ ಪತ್ರ ಓದಿ ಹೇಳಿದ. ಏನ್ ಬರದಾರ ಗೊತ್ತದೇನು? ಬಾಯಿಪಾಠ ಆಗ್ಯದ ನನಗ. "ಕಳುಹಿಸಿದ ಫೋಟೋಗಳಲ್ಲಿ ಹಿರಿಯರು ಸಕ್ರಿಯರಾಗಿ ಕಂಡುಬರುತ್ತಿಲ್ಲ." ಸಕ್ರಿಯ! ಅಶೋಕಕುಮಾರನ್ನ ಕೇಳ್ದೆ, ಹಂಗಂದ್ರ ಏನೋ? "ಕೈಕಾಲು ಆಡ್ಸೋದು" ಅಂದ.

ಕೈಕಾಲು! ಆ ಮಂದಿಗೆ ಕೈಕಾಲು ಇಲ್ಲೇನ್ರಿ ಕಾಕಾ? ಗುರುಲಿಂಗಮ್ಮ ಆಯಿ ಒಂದ್ ಕೊಡ ತಲಿ ಮ್ಯಾಲ, ಒಂದ್ ಕೊಡ ಟೊಂಕದಾಗ ಇಟ್ಕೊಂಡು ಏರಿ ಏರ್ತಾಳ. ನಾ ಮೊಬೈಲ್ ತೆಗದು ಫೋಟೋಕ್ಕ ಹಿಡದೆ ಅಂದ್ರ? ಧೊಪ್ ಅಂತ ಕುಂದರ್ತಾಳ! "ಅಯ್ಯೋ ನನ್ನ ಮಣಕಾಲ, ಅಯ್ಯೋ ನನ್ನ ಮಣಕಾಲ..." ಇಮಾಂಬೀ ಖಾಲಾ ಅಂತೂ ಕೇಳ್ಬ್ಯಾಡ್ರಿ. ಚಷ್ಮಾ ಇಲ್ದ ಸೂಜ್ಯಾಗ ದಾರ ಪೋಣಸ್ತಾಳ ಆಕಿ. ಕೇರಂ ಬೋರ್ಡಿನ ಮುಂದ ಕುಂದ್ರಿಸಿ ಫೋಟೋ ತೆಗೀಬೇಕಂದ್ರ ಕಣ್ಣ ಮುಚ್ಕೊಂಡು, "ಬೇಟಾ, ಕಪ್ಪು ಯಾವ್ದು, ಬಿಳಿ ಯಾವ್ದು?" ಅಂತಾಳ. ಎಲ್ಲಾರೂ ಬ್ಯಾಸಗಿ ಬಿಸಲಾಗ ಕಂಬಳಿ ಹೊದ್ದಾರ. ಎಲ್ಲಾರಿಗೂ ಒಮ್ಮಿಂದೊಮ್ಮೆ ಕೆಮ್ಮು! ಫೋಟೋ ತೆಗದಾದ್ ಮ್ಯಾಲ ಕಂಬಳಿ ಮಡಚಿ, ಎರಡೆರಡು ಸಲ ಅನ್ನ ಹಾಕಿಸ್ಕೊಂಡು ಉಣ್ತಾರ.

ಯಾಕ್ ನಗ್ತೀರಿ? ನಕ್ರಿ... ನಕ್ರಿ ಕಾಕಾ, ನಾ ನೋಡ್ದೆ, ಮೀಸಿ ಅಳ್ಳಾಡಿತು. ಎರಡ್ ತಿಂಗಳಾದ್ ಮ್ಯಾಲ ನಿಮ್ಮ ಮೀಸಿ ಅಳ್ಳಾಡಿದ್ದು ಇವತ್ತ ನೋಡೀನಿ. ಅಶೋಕಕುಮಾರನೂ ನಕ್ಕ. "ಕಲೀಮ್, ಫೋಟೋ ನೋಡಿ ಮ್ಯಾಲಿನವ್ರು ಇದು ಹಗಲು ಕೇಂದ್ರ ಏನ್ ದವಾಖಾನಿ ಅಂತ ಕೇಳ್ಯಾರ" ಅಂದ. ಎಲ್ಲಾರಿಗೂ ನಗಿ ಬರ್ತದ. ನನಗ ಅಳು ಬರ್ತದ.

ಹದಿನಾಲ್ಕು ತಿಂಗಳ, ಕಾಕಾ. ನಾ ಒಂದ್ ಜಾಗಾದಾಗ ಹದಿನಾಲ್ಕು ತಿಂಗಳ ಇದ್ದದ್ದು ಎಂದರ ನೋಡೀರೇನು? ಮೂರನೇತ್ತಾದಾಗ ಸಾಲಿ ಬಿಟ್ಟು ಓಡಿ ಹೋದವ ನಾ. ವಾಡಿ ಸ್ಟೇಷನ್ನಿನಾಗ ಗಾಡಿ ಗಾಡಿ ಹತ್ತಿ ಚಾ ಮಾರ್ದೆ. ಲಾರಿ ಕ್ಲೀನರ್ ಆದೆ. ಶಹಾಬಾದಿನಾಗ ಫರಸಿ ಕಲ್ಲು ಹೊತ್ತೆ. ಕುಂಚಾವರಂ ಕಾಡಿನಾಗ ತೆಲುಗು ಮಂದಿ ಜೋಡಿ ಕಟಗಿ ಕಡದೆ. ಎಲ್ಲಿ ಹೋದ್ರೂ ಮೂರು ತಿಂಗಳ, ನಾಕು ತಿಂಗಳ. ಕಾಲಾಗ ಗಾಲಿ ಅದ ನಿನಗ ಅಂತ ನೀವೇ ಬೈತಿದ್ರಿ. ಈ ಗೋದಾಮಿಗಿ ಬಂದೆ, ಹಿರಿಯರನ್ನ ಕರ್ಕೊಂಡು ಬಾ, ಅನ್ನ ಮಾಡು, ಕಸ ಹೊಡಿ ಅಂದ್ರು, ಕೀಲಿ ಕೈಯಾಗ ಕೊಟ್ರು... ಗಾಲಿ ನಿಂತುಬಿಡ್ತು. ಮುಂಜಾನಿ ಎದ್ದಾಗ ಎಲ್ಲಿಗರ ಹೋಗಬೇಕು ಅಂತ ಅನಸಲಿಲ್ಲ. ಖರೇ ಹೇಳ್ತೀನಿ. ನಾಳಿ ಕೀಲಿ ಬಿದ್ರ ನಾ ಮತ್ತ ಬಸ್‌ಸ್ಟ್ಯಾಂಡಿನಾಗ. ಅದು ಹೋಗ್ಲಿ, ನನ್ನ ಮಾತ ಬಿಡ್ರಿ. ಆ ಇಪ್ಪತ್ತೈದು ಮಂದಿ ಎಲ್ಲಿಗಿ ಹೋಗ್ತಾರ? ಕಟ್ಟಿ ಮ್ಯಾಲ ಕುಂತು ಬಸ್ ಎಣಸ್ತಾರ?

ಮತ್ತ ಇದೆಲ್ಲಾ ಯಾತಕ್ಕ? ಒಂದ್ ಸುದ್ದಿಗಿ! "ಫೋಟೋದಾಗ ಗಟ್ಟಿ ಕಂಡವ್ರ ಪಗಾರ ಬಂದ್ ಆಗ್ತದಂತ." ಆಗ್ತದಂತ! ಸರ್ಕಾರ ತಿಂಗಳ ತಿಂಗಳ ಮುದುಕರಿಗಿ ಕೊಡೋ ಪಗಾರ, ಕುಣದವ್ರಿಗಿ ಕೊಡಂಗಿಲ್ಲಂತ. ಕುಣೀಲಿಕ್ಕೇ ಒಂದ್ ಕಡಿ ರೊಕ್ಕ ಕೊಡ್ತದ, ಕುಣದ್ರ ಇನ್ನೊಂದ್ ಕಡಿ ರೊಕ್ಕ ಕಸಗೋತದ, ಹಿಂಗ ಎಲ್ಲರ ಇರ್ತದೇನ್ರಿ? ಕೈ ಮುಗದು ಹೇಳ್ದೆ. ಅದು ಬ್ಯಾರೆ, ಇದು ಬ್ಯಾರೆ, ಆಯೀ! ಇಮಾಂಬೀ ಖಾಲಾನ ಮುಂದ ಅಲ್ಲಾನ ಆಣಿ ಮಾಡ್ದೆ. ಏನಂದ್ಲು? "ಹಂಗಂದ್ರ ಅಮೃತಪ್ಪ ಯಾಕ ಬರಲ್ದಾದ? ಅಂವ ಓದಿದಂವ. ಅಂವಗ ಗೊತ್ತಿಲ್ದೇ ಇರ್ತದೇನು?"

ನೋಡ್ರಿ. ಸುತ್ತಿ ಸುತ್ತಿ ಇಲ್ಲಿಗೇ ಬಂತು. ಈ ಹೊರಸಿಗೇ.

ಇಲ್ಲ ಇಲ್ಲ, ನಿಮ್ಮ ಮ್ಯಾಲ ಹಾಕಾಕತ್ತಿಲ್ಲ. ಹಂಗ ನೋಡಬ್ಯಾಡ್ರಿ. ನಿಮ್ಮ ಅಂಜಿಕಿ ನನಗ ತಿಳೀತದ. ಹಿಂದೊಮ್ಮೆ ಆರು ತಿಂಗಳ ಪಗಾರ ನಿಂತಿತ್ತಲ್ಲ, ಯಾರೋ ಕಾಗದದಾಗ ನೀವು ಇಲ್ಲ ಅಂತ ಬರದುಬಿಟ್ಟಿದ್ರು. "ನಾ ಜಿಂದಾ ಅದೀನ್ರಿ" ಅಂತ ಸೇಡಂಕ್ಕ ಹೋಗಿ ಹೋಗಿ ಚಪ್ಪಲಿ ಹರಕೊಂಡ್ರಿ. ಆ ಪಗಾರ ಅಂದ್ರ ನಿಮ್ಮ ಎಲಿ ಅಡಿಕಿ, ನಿಮ್ಮ ಬಿ.ಪಿ. ಗುಳಿಗಿ, ಸೊಸಿ ಮುಂದ ಕೈ ಚಾಚದೇ ಇರೋ ಮರ್ಯಾದಿ. ನನಗ ಗೊತ್ತಿಲ್ಲೇನು? ಗೊತ್ತದ. ಭಾಳ ಚೊಲೋ ಗೊತ್ತದ... ಅದಕ್ಕೇ...

ಏನಿಲ್ಲ. ಅದಕ್ಕೇ ಅಂದೆ, ಅಷ್ಟೇ.

ಆ ಸುದ್ದಿ ಹಬ್ಬಿಸಿದಂವ ಯಾರಂತ ಹುಡಕ್ಲಿಕತ್ತೀನಿ. ಹೋಟೆಲಿನ ಅಮೀರ್ ಅಲಿ ಮ್ಯಾಲ ನನಗ ಸಂಶೇ ಅದ. ನಮ್ಮಲ್ಲಿ ಪುಕ್ಕಟ ಊಟ ಹತ್ತಿದ್ ಮ್ಯಾಲ ಅವನ ಭಜಿ ಯಾರು ತಿಂತಾರ? ನಿನ್ನಿ ಹೋಗಿ ಅವನ ಅಂಗಿ ಹಿಡದೆ. ಹೌದ್ರೀ, ಹಿಡದೆ! "ನಾ ಅಲ್ಲೋ, ನನ್ನ ಅಂಗಡ್ಯಾಗ ಕುಂತೇ ಮಂದಿ ಮಾತಾಡ್ತಿದ್ರು, ನಾ ಖಾಲಿ ಕೇಳ್ದೆ" ಅಂದ. ಯಾರು ಮಾತಾಡ್ತಿದ್ರೋ? "ಗುರುಲಿಂಗಮ್ಮ." ಗುರುಲಿಂಗಮ್ಮನ ಕೇಳಿದ್ರ ಇಮಾಂಬೀ. ಇಮಾಂಬೀನ ಕೇಳಿದ್ರ, "ಅಮೃತಪ್ಪಗ ಯಾರೋ ಆಫೀಸಿನವ್ರು ಹೇಳ್ಯಾರಂತ, ಅಂವ ಹಂಗಂದ."

ಆಫೀಸಿನವ್ರು...

ನೀವು ಹಂಗ ಹೇಳಿದ್ರೇನು, ಕಾಕಾ? ಆಫೀಸಿನವ್ರು ಹೇಳಿದ್ರು ಅಂತ?

ಇರ್ಲಿ ಬಿಡ್ರಿ. ಯಾರ್ ಹೇಳಿದ್ರ ಏನು, ಆಗಿದ್ದ ಆಗಿ ಹೋಯ್ತು. ಈಗ ಈ ಕಾಗದ ನೋಡ್ರಿ. ಎರಡ್ ತಿಂಗಳಿಂದ ಹಾಜರಿ ವಹಿ ಕೋರಾ ಅದ, ಒಂದ್ ಅಕ್ಷರ ಇಲ್ಲ. ಯಾರು ಬರೀಬೇಕು? ಬರ್ಯಾಂವ ನೀವು. ಇದನ್ನರ ಬರೀರಿ. ಮೇಡಂ ಕೈಯಾಗ ಕೊಡಬೇಕಂತ. ಇಲ್ಲಿ ಮ್ಯಾಲ "ಚಟುವಟಿಕೆ ನಿಂತ ಕಾರಣ" ಅಂತ ಅದಂತ. ಕೆಳಗ ಇಷ್ಟ್ ಜಾಗಾ ಬಿಟ್ಟಾರ. ಹಿಡೀರಿ, ಪೆನ್ ಹಿಡೀರಿ. "ಸುಳ್ಳ ಸುದ್ದಿ" ಅಂತ ಬರೀರಿ. ಇಲ್ಲಾ "ಬಿಸಲು" ಅಂತ ಬರೀರಿ. ಏನರ ಬರೀರಿ.

ಬರೀರಿ ಅಂದ್ರ.

ಬರ್ಯೋದ್ ಬಿಟ್ಟು ನನ್ನ ಮಾರಿ ಯಾಕ್ ನೋಡ್ತೀರಿ?

ಸರಿ, ಬರೀಬ್ಯಾಡ್ರಿ. ಬರೀದಿದ್ರ ಬರ್ರಿ ನನ್ನ ಜೋಡಿ! ನಾಳಿ ಹತ್ತಕ್ಕ ಬಂದು ಒಂದೇ ಒಂದ್ ಸುತ್ತು. ಮೊಹರಂದಾಗ ಅಲಾಯಿ ಬೆಂಕಿ ಕುಣಿ ಸುತ್ತ ಹಾಕೋ ಆ ಹೆಜ್ಜಿ. ನಾ ಹಲಗಿ ಬಡೀತೀನಿ, ನೀವು ಮುಂದ. ನಿಮ್ಮ ಕಾಲ ಎದ್ದಿದ್ದ ನೋಡಿದ್ರ ಗುರುಲಿಂಗಮ್ಮ ಆಯಿ ತಡೀತಾಳೇನು? ಕಂಬಳಿ ಒಗದು ಏಳ್ತಾಳ. ಆಕಿ ಎದ್ರ ಎಲ್ಲಾರೂ ಏಳ್ತಾರ. ಆ ದಿನ ಹೆಂಗಿತ್ತು! ಮೇಡಂ ಮೊದಲನೇ ಸಲ ಬಂದ ದಿನ. ಎಪ್ಪತ್ತೆಂಟು ವರ್ಷದ ಮನಷಾ, ಧೋತ್ರ ಎತ್ತಿ ಕಟ್ಟಿ, ಮೂರು ಹೆಜ್ಜಿ ಮುಂದ, ಎರಡು ಹೆಜ್ಜಿ ಹಿಂದ, ಧೂಳು ಹಾರಿ ಹಾರಿ ಹೋಯ್ತು. ಮೇಡಂ ಬಾಯಿ ತಕ್ಕೊಂಡೇ ನಿಂತ್ರು. ಆಮ್ಯಾಲ ವಹಿ ನೋಡಿದ್ರು. ಮುತ್ತಿನಂಥಾ ಅಕ್ಷರ, ಯಾರ ಅಕ್ಷರ ಇದು? ಅಮೃತಪ್ಪನವ್ರದು. ಹಾಡು ಯಾರು ಕಲಿಸ್ತಾರ? ಅಮೃತಪ್ಪನವ್ರು. ಮಂದಿನ ಯಾರು ಕೂಡಸ್ತಾರ? ಅಮೃತಪ್ಪನವ್ರು. ಆಗ ಮೇಡಂ ನಕ್ಕೋತ ಅಂದ್ರಲ್ಲ...

ನೆನಪದಲ್ಲ ನಿಮಗ?

"ಎಲ್ಲಾ ನೀವೇ ಮಾಡ್ತೀರಲ್ಲ ಅಜ್ಜಾರೇ, ಈ ಕಲೀಮ್ ಯಾತಕ್ಕ ಬೇಕು ಇಲ್ಲಿ?"

ಎಲ್ಲಾರೂ ನಕ್ರು. ಇಮಾಂಬೀ ಖಾಲಾ ನಕ್ಲು. ನೀವೂ ನಕ್ರಿ ಕಾಕಾ. ಎಲ್ಲಾರಕಿಂತ ಜೋರ ನೀವೇ ನಕ್ರಿ.

ನಾ ಹಲಗಿ ತಕ್ಕೊಂಡು ಒಳಗ ಇಟ್ಟೆ.

...ಆ ಸಂಜಿ? ಯಾವ ಸಂಜಿ? ಆ ಸಂಜಿ ಏನಿಲ್ಲ. ಕೀಲಿ ಹಾಕ್ದೆ. ನೀವು ಬಾಗಲ ಹೊರಗ ಚಪ್ಪಲಿ ಹಾಕ್ಕೊಳ್ಳಿಕತ್ತಿದ್ರಿ. ಹಾಡು ಗುಣಗುಣ ಅನಕೋತ. ನಾ ಅಂದೆ... ಹಂಗೇ ಅಂದೆ, ಖಾಲಿ ಬಾಯಿಗಿ ಬಂತು ಅಂದೆ...

ಹಂಗ ನೋಡಬ್ಯಾಡ್ರಿ ಅಂದ್ರ!

ಮಜಾಕ್ ಮಾಡಿದ್ದೆ ಕಾಕಾ! "ಇಷ್ಟ್ ಕುಣೀಬ್ಯಾಡ್ರಿ, ಮೇಡಂ ಫೋಟೋ ಹೊಡಕೊಂಡು ಹೋಗ್ಯಾರ, ಹಿಂಗ ಗಟ್ಟಿ ಇದ್ದಂವಗ ಪಗಾರ ಯಾಕ ಅಂತ ಬಂದ್ ಮಾಡ್ತಾರ" ಅಂದೆ. ಅಷ್ಟೇ! ಎರಡು ಮಾತು! ನೀವು ನಗ್ತೀರಿ ಅಂದ್ಕೊಂಡಿದ್ದೆ. ನೀವು ನಗಲಿಲ್ಲ. ಚಪ್ಪಲಿ ಕೈಯಾಗ ಹಿಡಕೊಂಡು ಹಂಗೇ ನಿಂತ್ರಿ. "ಖರೇ ಏನೋ ತಮ್ಮಾ?" ಅಂತ ಕೇಳಿದ್ರಿ.

ಆಗ ಇಲ್ಲ ಅನ್ನಬೇಕಿತ್ತು. ಗೊತ್ತದ. ಇಲ್ಲ ಅನ್ನಲಿಕ್ಕ ಎಷ್ಟ್ ಹೊತ್ತು?

"ಖರೇ" ಅಂದೆ. ನಾಕು ದಿನ ಸುಮ್ಮ ಮನ್ಯಾಗ ಇರ್ಲಿ ಈ ಮುದುಕ, ನಾನೂ ಬೇಕು ಇಲ್ಲಿ ಅಂತ ಗೊತ್ತಾಗ್ಲಿ ಎಲ್ಲಾರಿಗೂ... ಹಿಂಗ ಅನಿಸ್ತು. ನಾಕೇ ದಿನ, ಕಾಕಾ! ಎರಡ್ ತಿಂಗಳ ಅಲ್ಲ! ನನಗೇನ್ ಗೊತ್ತು, ನೀವು ಎಲ್ಲಾರನ್ನ ಉಳಸ್ಲಿಕ್ಕ ಹೋಗಿ ಮನಿ ಮನಿಗಿ ಹೇಳ್ತೀರಿ ಅಂತ?

ಅದ್ರಾಗೂ ನನ್ನ ಹೆಸರ ಹೇಳ್ಲಿಲ್ಲ ನೀವು. ಆಫೀಸಿನವ್ರು ಅಂದ್ರಿ. ಯಾಕ್ ಅಂದ್ರಿ ಹಂಗ? ಕಲೀಮ್ ಹೇಳ್ದ ಅಂತ ಹೇಳಿದ್ರ ಒಂದ್ ಹುಳಾ ಸುದ್ದಾ ನಂಬತಿದ್ದಿಲ್ಲ!

ಸಾಕು. ತಪ್ಪಾತು. ಕಾಲ ಬೀಳ್ತೀನಿ. ಪಗಾರ ಬಂದ್ ಆಗಂಗಿಲ್ಲ, ನಾ ಹೇಳಿದ್ದು ಸುಳ್ಳ. ಈಗ ಏಳ್ರಿ. ನಾಟಕ ಸಾಕು. ಗುರುಲಿಂಗಮ್ಮ ಆಯಿ ಮಾಡೋ ನಾಟಕ ನಾ ನೋಡೀನಿ, ನೀವೂ ಯಾತಕ್ಕ? ಪಗಾರ ತರೋ ಟಪಾಲಿನವ ಬರೋ ಹೊತ್ತಿಗಿ ಹೊರಸು ಹಿಡಿಯೋದು, ಗೋಳ್ಯಾಡೋದು... ನಾಗರತ್ನಕ್ಕ ಎಲ್ಲಾ ಹೇಳ್ಯಾಳ ನನಗ. ಇಲ್ಲಿ ಟಪಾಲಿನವ ಇಲ್ಲ. ಏಳ್ರಿ. ಕೈ ಕೊಡ್ರಿ. ಇಗೋ, ನನ್ನ ಹೆಗಲ ಹಿಡೀರಿ. ಹಾಂ... ಕಾಲ ಊರ್ರಿ.

ಊರ್ರಿ ಕಾಕಾ. ನನ್ನ ಮ್ಯಾಲ ಭಾರ ಹಾಕಬ್ಯಾಡ್ರಿ, ಕಾಲ ಮ್ಯಾಲ ಹಾಕ್ರಿ...

ಕಾಕಾ?

ಕುಂದ್ರಿ. ಕುಂದ್ರಿ, ಸಾವಕಾಶ.

ಇದೇನ್ರಿ... ಮೀನಖಂಡ ಎಲ್ಲಿ ಹೋಯ್ತು? ಫರಸಿ ಖಣಿಯಾಗ ಮೂವತ್ತು ವರ್ಷ ನಿಂತ ಕಾಲು ಇವು. ನನ್ನ ಮುಂಗೈಯಷ್ಟೂ ಇಲ್ಲ. ನಡುಗ್ಲಿಕತ್ತಾವ... ನಾಟಕ ಅಲ್ಲ ಇದು? ಎಂದಿಂದ? ಎಂದಿಂದ ಹಿಂಗ? ಕುಂತು ಕುಂತೇ ಕಾಲ ಹೋದ್ವೇನು?

ನಾಗರತ್ನಕ್ಕ ಮೊದಲೇ ಯಾಕ ಹೇಳ್ಲಿಲ್ಲ! ಆಕಿಗೂ ನಾಟಕ ಅಂತಾನೇ... ಹೂಂ. ಆಕಿಗೂ ಹಂಗೇ ಹೇಳಿದ್ರಿ ನೀವು.

ಬೈರಿ ಕಾಕಾ. ಒಂದ್ ಸಲ ಬೈರಿ. ಹಲ್ಕಟ್ ಅನ್ರಿ, ಬಡೀರಿ. ಹಿಂಗ ಸುಮ್ಮ ಕುಂದ್ರಬ್ಯಾಡ್ರಿ. ದಿನಾ ಹೊತ್ಕೊಂಡು ಹೋಗ್ತೀನಿ, ಎಣ್ಣಿ ಹಚ್ಚಿ ತಿಕ್ತೀನಿ, ದವಾಖಾನಿಗಿ ಒಯ್ತೀನಿ... ಒಂದ್ ಮಾತ ಆಡ್ರಿ.

ಏನು? ಪೆನ್ ಯಾಕ ನನಗ ಕೊಡ್ತೀರಿ?

ಕಾಗದ... ಹೂಂ, ಇದೇ ಜಾಗಾ. ಇದೇ ಕಾರಣ ಬರೆಯೋ ಜಾಗಾ, ನೀವು ಬೆರಳ ಇಟ್ಟದ್ದು. ನಾನಾ ಬರೀಲಿ? ನನಗೆಲ್ಲಿ ಬರ್ತದ ಕಾಕಾ, ಮೂರನೇತ್ತಾ ಬಿಟ್ಟಂವ. ನಾ ಬರೀಲಿಕ್ಕ ಕಲ್ತದ್ದು ಒಂದೇ. ಗೋದಾಮಿನ ಫರಸಿ ಮ್ಯಾಲ, ಸುಣ್ಣದ ಕಡ್ಡಿ ಕೊಟ್ಟು, ಕೈ ಹಿಡದು ನೀವೇ ಕಲಿಸಿದ್ದು. ಅದೊಂದೇ...

ನನ್ನ ಹೆಸರು.

ಅದನ್ನೇ ಬರಿ ಅಂತೀರೇನು?