ನಾಡಿದ್ದಿನ ವಿಮಾನ ಹತ್ತಬೇಕಾದ ಹುಡುಗ

ಹದಿನೈದು ವರ್ಷದ ಒಬ್ಬ ಹುಡುಗನನ್ನು ನಾಡಿದ್ದು ಶನಿವಾರ ಊರಿಗೆ ಸಾಗಹಾಕಲು ದುಬೈಯ ನಮ್ಮ ಸಂಘ ಚಂದಾ ಎತ್ತಿ ಟಿಕೆಟ್ ತೆಗೆದಿದೆ. ಇದು ತಪ್ಪು. ಇಷ್ಟನ್ನು ಹೇಳಿಯೇ ವಂದನೆಗೆ ಬರುತ್ತೇನೆ: ಅಧ್ಯಕ್ಷರಾದ ಮೋಹನದಾಸ್ ಅವರೇ, ವೇದಿಕೆಯ ಹಿರಿಯರೇ, ಜೆಬೆಲ್ ಅಲಿಯಿಂದ ಕಂಪನಿ ಬಸ್ಸಿನಲ್ಲಿ ಬಂದ ಅಣ್ಣಂದಿರೇ, ಬಡಿಸುವ ಮೇಜಿನ ಕಡೆಗೇ ಕಣ್ಣಿಟ್ಟು ಕೂತ ಸಭಿಕರೇ! ಗಾಬರಿ ಬೇಡ, ಬೋಂಡಾ ಆರುವ ಮೊದಲೇ ಮುಗಿಸುತ್ತೇನೆ.

ನನಗೆ ಕೊಟ್ಟ ವಿಷಯ ‘ಯುವಜನರು ಮತ್ತು ದುಶ್ಚಟ’. ಯುದ್ಧ ಕಂಡ ಮಕ್ಕಳ ಬಗೆಗಿನ ಕರಪತ್ರ ಓದಿ ತಲೆ ಕೆಡಿಸಿಕೊಂಡವಳು ಎಂದು ನೀವು ನನ್ನನ್ನು ನೋಡಿ ನಗುತ್ತೀರಿ. ನಗಿ. ಆದರೆ ಆ ಕರಪತ್ರಗಳು ಕೇಳಿದ್ದನ್ನು ನಿಮ್ಮಲ್ಲಿ ಯಾರೂ ಕೇಳಲಿಲ್ಲ: ಯುದ್ಧ ನಿಂತ ಊರಿನಲ್ಲಿ ಶಾಲೆ ಮತ್ತೆ ತೆರೆದಾಗ, ಮಕ್ಕಳೊಳಗೂ ಯುದ್ಧ ನಿಂತಿರುತ್ತದೆಯೇ?

ಆರು ವರ್ಷದ ಹಿಂದೆ, ಕುವೈತಿನ ಮೇಲೆ ಸೈನ್ಯ ನುಗ್ಗಿದಾಗ, ಈ ಹುಡುಗ ಅಲ್ಲಿದ್ದ. ಮನೆಯವರೆಲ್ಲ ಮರುಭೂಮಿ ದಾಟಿ ಊರು ಸೇರಿದರು. ಯುದ್ಧ ಮುಗಿದ ಮೇಲೆ ಅಪ್ಪನ ಕೆಲಸಕ್ಕಾಗಿ ಮತ್ತೆ ಅಲ್ಲಿಗೇ ಹೋದರು. ಶಾಲೆಯ ಪಕ್ಕದ ಕಟ್ಟಡ ಸುಟ್ಟು ಕಪ್ಪಾಗಿ ನಿಂತಿತ್ತು. ಅದರೊಳಗೆ ಅವನ ತರಗತಿಯ ಹುಡುಗರು ಕರವಸ್ತ್ರಕ್ಕೆ ವೈಟ್ನರಿನ ಥಿನ್ನರ್ ಸುರಿದು ನಶೆಗಾಗಿ ಮೂಸುತ್ತಿದ್ದರು. ಯಾರೂ ತಡೆಯಲಿಲ್ಲ, ದೊಡ್ಡವರಿಗೆ ಒಡೆದ ಕಿಟಕಿಗಳಿಗೆ ಗಾಜು ಹಾಕಿಸುವುದೇ ಮುಗಿದಿರಲಿಲ್ಲ. ದುಬೈಗೆ ಬರುವಾಗ ಬಾಟಲಿಯೂ ಅವನ ಚೀಲದಲ್ಲಿ ಬಂತು. ಕೇಳಿದರೆ, “ನಥಿಂಗ್, ಅಕ್ಕ.” ಒಮ್ಮೆ ಮಾತ್ರ, “ಸೈರನ್ ಕೇಳ್ತದೆ ಅಕ್ಕ. ಇದನ್ನು ಮೂಸಿದ್ರೆ ಸ್ವಲ್ಪ ಹೊತ್ತು ನಿಲ್ತದೆ,” ಅಂದ.

ಹೌದು, ಅಕ್ಕ ಅಂದ. ‘ಒಬ್ಬ ಹುಡುಗ’ ಎಂದೇ ಮುಗಿಸಬೇಕೆಂದುಕೊಂಡಿದ್ದೆ, ಆಗಲಿಲ್ಲ. ಸುಮಿತ್ ನನ್ನ ತಮ್ಮ. ಅಮ್ಮಾ, ಎದ್ದು ಹೋಗಬೇಡ.

ಮೋಹನದಾಸ್ ಅಂಕಲ್, ನೀವು ಅಪ್ಪನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ: “ಪೊಲೀಸರಿಗೆ ಗೊತ್ತಾದ್ರೆ ಖಲಾಸ್ ಮಾರಾಯ್ರೆ, ಇಡೀ ಮನೆಯ ವೀಸಾ ಹೋಗ್ತದೆ. ಊರಿನ ಹಾಸ್ಟೆಲಿಗೆ ಹಾಕಿ, ಸರಿಯಾಗ್ತಾನೆ.” ಕೊಲ್ಲಿಯಲ್ಲಿ ನಮಗೆ ಗೊತ್ತಿರುವ ಔಷಧ ಇದೊಂದೇ. ಮಗು ಫೇಲಾದರೆ ಊರಿಗೆ, ಎದುರು ಮಾತಾಡಿದರೆ ಊರಿಗೆ, ಯಾರನ್ನೋ ಪ್ರೀತಿಸಿದರೆ ಊರಿಗೆ. ಊರೇನು ನಮ್ಮ ಸ್ಟೋರ್ ರೂಮೇ? ಹಾಸ್ಟೆಲಿನಲ್ಲಿ ಸೈರನ್ ಕೇಳಿಸಿದರೆ ಅವನು ಯಾರನ್ನು ಎಬ್ಬಿಸಬೇಕು? ಇಲ್ಲಿ ನನ್ನನ್ನು ಎಬ್ಬಿಸುತ್ತಾನೆ.

ಡಾಕ್ಟರ್ ಝುಲೈಖ ಇಂಥ ಮಕ್ಕಳನ್ನು ನೋಡುತ್ತಾರೆ. “ಹುಡುಗ ಮನೆಯವರ ಜೊತೆ ಇದ್ದರೆ ಮಾತ್ರ ನನ್ನಿಂದ ಏನಾದರೂ ಆದೀತು,” ಎಂದಿದ್ದಾರೆ. ಅಪ್ಪ ಒಪ್ಪುತ್ತಿಲ್ಲ. “ಸಂಘದವರು ಏನು ಹೇಳಿಯಾರು?” ಅನ್ನುತ್ತಾರೆ. ಸಂಘದವರೇ, ಏನು ಹೇಳುತ್ತೀರಿ? ಕುವೈತಿನಿಂದ ಬಂದ ಮನೆಗಳು ಈ ಸಭೆಯಲ್ಲಿ ಇನ್ನೂ ಇವೆ. ನಿಮ್ಮ ಮಕ್ಕಳಿಗೆ ರಾತ್ರಿ ಏನು ಕೇಳಿಸುತ್ತದೆ ಎಂದು ಕೇಳಿದ್ದೀರಾ?

ಚಪ್ಪಾಳೆ ಬೇಡ, ನಮ್ಮ ಮನೆಗೆ ಬನ್ನಿ. ಡಾಕ್ಟರೂ ಬರುತ್ತಾರೆ. ನೀವು ನಾಲ್ಕು ಜನ ಬಂದು ಕೂತರೆ ಅಪ್ಪ ಮನಸ್ಸು ಬದಲಿಸುತ್ತಾರೆ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಉಪಕಾರ, ನಮಸ್ಕಾರ. ನಾಳೆ ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ, ಬರ್ ದುಬೈಯ ದೇವಸ್ಥಾನದ ಓಣಿಯ ಹಿಂದೆ ನಮ್ಮ ಮನೆ. ಬಾಗಿಲು ಸುಮಿತ್ ತೆರೆಯುತ್ತಾನೆ.