ಮನೆಯವಳಂತೆ ನೋಡಿಕೊಳ್ಳಿ

ಈ ವೇದಿಕೆಯ ನಡುವಿನ ಕುರ್ಚಿಯಲ್ಲಿ ಕುಳಿತಿರುವ ಮುಖ್ಯೋಪಾಧ್ಯಾಯಿನಿಯವರೇ, ಅವರ ಬಲಕ್ಕಿರುವ ವಿದ್ಯಾರ್ಥಿ ವಿನಿಮಯ ಸಂಸ್ಥೆಯ ಮೇಡಂ ಅವರೇ, ಎಡಕ್ಕೆ ಹೂಗುಚ್ಛ ಹಿಡಿದು ಕುಳಿತಿರುವ, ಇಂದು ಸನ್ಮಾನ ಪಡೆದ ನನ್ನ ಮಗಳೇ, ಶಿಕ್ಷಕರೇ, ಮಕ್ಕಳೇ, ಮೂರನೇ ಸಾಲಿನಿಂದ ಆಗಲೇ ನನ್ನನ್ನು ದುರುಗುಟ್ಟಿ ನೋಡುತ್ತಿರುವ ನನ್ನ ಹೆಂಡತಿಯೇ, ಅವಳ ಪಕ್ಕದಲ್ಲಿ ತೂಕಡಿಸುತ್ತಿರುವ ನನ್ನ ತಾಯಿಯವರೇ, ಮತ್ತು ಎಲ್ಲ ಸಭಿಕರೇ,

ಮೊದಲಿಗೆ ಮೈಕಿನ ಕೆಳಗಿರುವ ಈ ಮೇಜಿನ ಬಗ್ಗೆ ಒಂದು ಮಾತು. ಇದು ಅಲುಗಾಡುತ್ತಿರುವುದು ನಿಮಗೆಲ್ಲ ಕಾಣುತ್ತಿದೆ. ಇದನ್ನು ಮಾಡಿಕೊಟ್ಟ ಬಡಗಿ ನಾನೇ. ಮೇಜು ಸರಿಯಾಗಿಯೇ ಇದೆ, ವೇದಿಕೆಯ ನೆಲ ಸರಿಯಿಲ್ಲ. ನನ್ನ ಕೈ ನಡುಗುತ್ತಿರುವುದರಿಂದ ಮೇಜು ಅಲುಗುತ್ತಿದೆ ಎಂದು ಯಾರೂ ತಿಳಿಯಬಾರದು. ಮೇಜು ಅಲುಗುತ್ತಿರುವುದರಿಂದ ನನ್ನ ಕೈ ನಡುಗುತ್ತಿದೆ.

ಮುಖ್ಯೋಪಾಧ್ಯಾಯಿನಿಯವರು ನನ್ನನ್ನು ಕರೆದು, "ನಿಮ್ಮ ಮಗಳು ಒಂದು ವರ್ಷ ಪರದೇಶದಲ್ಲಿ ಓದಿ ಬಂದಿದ್ದಾಳೆ, ತಂದೆಯಾಗಿ ಎರಡು ಮಾತಾಡಿ" ಎಂದರು. ಎರಡು ಮಾತು ಎಂದರೆ ಎರಡೇ ಮಾತು ಎಂದು ನಾನು ತಿಳಿದಿದ್ದೆ. ಹೆಮ್ಮೆಯಾಗಿದೆ, ವಂದನೆಗಳು. ಮುಗಿಯಿತು. ಆದರೆ ಈಗ ತಾನೇ ನನ್ನ ಮಗಳು ಇಲ್ಲಿ ನಿಂತು ಆಡಿದ ಮಾತನ್ನು ನೀವೆಲ್ಲ ಕೇಳಿದಿರಿ. ಎಷ್ಟು ಚೆನ್ನಾಗಿ ಮಾತಾಡಿದಳು. ಸಂಸ್ಥೆಗೆ ಧನ್ಯವಾದ, ಶಾಲೆಗೆ ಧನ್ಯವಾದ, ಅಲ್ಲಿನ ಮನೆಯವರಿಗೆ ಧನ್ಯವಾದ. ಆಮೇಲೆ ನಮ್ಮ ಕಡೆ ತಿರುಗಿ, "ನನ್ನನ್ನು ಇಷ್ಟು ವರ್ಷ ಮನೆಯಲ್ಲಿ ಇರಿಸಿಕೊಂಡ ತಂದೆತಾಯಿಗೂ ಧನ್ಯವಾದ" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ತಟ್ಟುತ್ತಾ ಯೋಚಿಸಿದೆ: ಇರಿಸಿಕೊಂಡಿದ್ದೆವೇ? ಇವಳನ್ನು ನಾವು ಇರಿಸಿಕೊಂಡಿದ್ದೆವೇ? ಆದ್ದರಿಂದ ಸಭಿಕರೇ, ಎರಡು ಮಾತು ಸ್ವಲ್ಪ ಉದ್ದವಾಗಬಹುದು.

ವಿನಿಮಯ ಎಂದರೇನು? ನಮ್ಮ ಹುಡುಗಿ ಅವರ ಮನೆಗೆ, ಅವರ ಹುಡುಗಿ ನಮ್ಮ ಮನೆಗೆ. ಆ ಹುಡುಗಿ ಬರುವ ಮುಂಚೆ ಇದೇ ಮೇಡಂ ನಮ್ಮ ಮನೆಗೆ ಬಂದು ಒಂದು ನಿಯಮ ಹೇಳಿದರು. "ಅವಳನ್ನು ಅತಿಥಿಯಂತೆ ಅಲ್ಲ, ಮನೆಯವಳಂತೆ ನೋಡಿಕೊಳ್ಳಿ." ಅಷ್ಟೇ ಹೇಳಿ ಚಹಾ ಕುಡಿದು ಹೋದರು. ಎಂಥ ಕಷ್ಟಕ್ಕೆ ನಮ್ಮನ್ನು ದೂಡಿ ಹೋದರು ಎಂಬುದು ಅವರಿಗೆ ಗೊತ್ತಿರಲಿಲ್ಲ. ಯಾಕೆಂದರೆ ನಮ್ಮ ಮನೆಯಲ್ಲಿ ಮನೆಯವರನ್ನು ನೋಡಿಕೊಳ್ಳುವುದು ಎಂದರೆ ಬೈಯುವುದು. ನನ್ನ ತಾಯಿ ನನ್ನನ್ನು ಬೈಯುತ್ತಾರೆ. ನನ್ನ ಹೆಂಡತಿ ನನ್ನನ್ನು ಬೈಯುತ್ತಾಳೆ. ನನ್ನ ಮಗಳು ನಾಲಿಗೆ ತಿರುಗಲು ಶುರುವಾದ ದಿನದಿಂದ ನನ್ನನ್ನು ಬೈಯುತ್ತಾಳೆ. ನನಗೆ ಸರದಿ ಸಿಕ್ಕಿದಾಗ ನಾನೂ ಬೈಯುತ್ತೇನೆ. ನಮ್ಮಲ್ಲಿ ಯಾರಾದರೂ ಯಾರಿಗಾದರೂ ಮರ್ಯಾದೆಯಿಂದ ಮಾತಾಡಿದರೆ, ಇವರಿಗೆ ಮೈ ಸರಿಯಿಲ್ಲ ಎಂದು ಹಣೆ ಮುಟ್ಟಿ ನೋಡುತ್ತೇವೆ.

ಆ ಹುಡುಗಿ ಬಂದ ದಿನ ಊಟಕ್ಕೆ ಕುಳಿತೆವು. ಎಡಗೈಯಲ್ಲಿ ಚಮಚ ಹಿಡಿದಳು. ಅವತ್ತಿನಿಂದ ನಮಗೆ ಅವಳು ಎಡಚಿ. ಅವಳೂ ಆ ಹೆಸರಿಗೆ ಓಗೊಡುತ್ತಿದ್ದಳು. ಆದರೆ ಮೊದಲ ದಿನ ಎಲ್ಲರೂ ಗಪ್‌ಚಿಪ್. ನನ್ನ ಹೆಂಡತಿ ನನ್ನನ್ನು ಮೊಣಕೈಯಿಂದ ತಿವಿದಳು.

"ಏನ್ರೀ, ಹಂಗೆ ಪಿಳಿಪಿಳಿ ನೋಡ್ತಾ ಕೂತಿದೀರಾ?"

"ಮನೆಯವಳ ಥರ ನೋಡ್ಕೋಬೇಕಂತಲ್ಲ. ಬೈಯಲಾ?"

"ಪಾಪ, ದೂರದಿಂದ ಬಂದಿದೆ ಮಗು. ಊಟ ಮಾಡ್ಲಿ. ಆಮೇಲೆ ಬೈಯಿರಿ."

ನನ್ನ ತಾಯಿಗೆ ಅಷ್ಟು ತಾಳ್ಮೆ ಎಲ್ಲಿ? "ಏನೇ, ತಟ್ಟೆ ಮುಖ ನೋಡ್ತಾ ಕೂತ್ರೆ ಹೊಟ್ಟೆ ತುಂಬುತ್ತೇನೇ? ತಿನ್ನೇ" ಎಂದು ಗದರಿಯೇಬಿಟ್ಟರು. ಆ ಮಗುವಿಗೆ ಒಂದು ಪದವೂ ಅರ್ಥವಾಗಲಿಲ್ಲ. ಆದರೆ ದನಿ ಅರ್ಥವಾಯಿತು. ನಕ್ಕು, ತಟ್ಟೆ ಖಾಲಿ ಮಾಡಿ, ಮತ್ತೆ ಒಡ್ಡಿದಳು. ಮೇಡಂ ಅವರೇ, ನಿಮ್ಮ ನಿಯಮ ನಾವು ಮೊದಲ ದಿನವೇ ಪಾಲಿಸಿದೆವು.

ಹೀಗೆ ಎಡಚಿ ನಮ್ಮ ಮನೆಯಲ್ಲಿ ಬೈಸಿಕೊಂಡು ಬೆಳೆದಳು. ನನ್ನದೊಂದು ತೊಂದರೆ ಇತ್ತು. ಪ್ರೀತಿಯಿಂದ ಕರೆಯುವಾಗ ಎಡಚಿ ಎನ್ನುತ್ತಿದ್ದೆ. ಬೈಯುವಾಗ ಮಾತ್ರ ಬಾಯಿಗೆ ನನ್ನ ಮಗಳ ಹೆಸರೇ ಬರುತ್ತಿತ್ತು. ಮೊದಮೊದಲು ಎಡಚಿ, ಅದ್ಯಾರು ಬಂದರು ಎಂದು ಸುತ್ತ ನೋಡುತ್ತಿದ್ದಳು. ಆಮೇಲೆ ಅದು ನಮ್ಮ ಭಾಷೆಯ ಒಂದು ಬೈಗುಳ ಇರಬೇಕೆಂದು ತೀರ್ಮಾನಿಸಿದಳು. ಒಂದು ದಿನ ಕಾಲಿನ ಮೇಲೆ ಹಲಗೆ ಬಿದ್ದಾಗ ನೋವಿಗೆ ಆ ಹೆಸರನ್ನೇ ಜೋರಾಗಿ ಕೂಗಿದಳು. ನನ್ನ ಹೆಂಡತಿ ಒಳಗಿನಿಂದ ಓಡಿ ಬಂದು ಬೀದಿಯ ಉದ್ದಕ್ಕೂ ನೋಡಿದಳು. ಯಾರು ಬಂದರೆಂದು ನೋಡಿದಳೋ ನಾನು ಕೇಳಲಿಲ್ಲ. ನಾನೂ ಗರಗಸ ಬಿಟ್ಟು ಎದ್ದು ನಿಂತಿದ್ದೆ.

ಇರಲಿ. ನಾನು ಮಗಳ ಬಗ್ಗೆ ಹೇಳಬೇಕಲ್ಲವೇ?

ನನ್ನ ಮಗಳಿಗೆ ನನ್ನ ಕೆಲಸದ ಕೋಣೆಯಲ್ಲಿ ಎರಡು ಹುದ್ದೆಗಳಿದ್ದವು. ಒಂದು, ನಾನು ಉದ್ದದ ಹಲಗೆ ಕೊಯ್ಯುವಾಗ ಆ ತುದಿ ಹಿಡಿಯುವುದು. ಇನ್ನೊಂದು, ನನ್ನ ಮಾತು ನಿಲ್ಲಿಸುವುದು. ನನಗೆ ಮಾತಿನ ಚಟ. ಗಿರಾಕಿ ಕಿಟಕಿ ಬೇಕೆಂದು ಬಂದರೆ ನಾನು ಆ ಮರ ಬೆಳೆದ ಕಾಡಿನಿಂದ ಶುರು ಮಾಡುತ್ತೇನೆ. ಆಗ ಇವಳು ಪುಸ್ತಕದಿಂದ ತಲೆ ಎತ್ತದೆ, ಬೆರಳ ಗೆಣ್ಣಿನಿಂದ ಹಲಗೆಯ ಮೇಲೆ ಎರಡು ಸಲ ಬಡಿಯುತ್ತಿದ್ದಳು. ಟಕ್ ಟಕ್. "ಅಪ್ಪ, ಬಾಯಿ ಮುಚ್ಚು, ಕೈ ಆಡಲಿ" ಎಂದು ಅರ್ಥ. ಗಿರಾಕಿಗೆ ತಿಳಿಯುತ್ತಿರಲಿಲ್ಲ, ನನಗೆ ತಿಳಿಯುತ್ತಿತ್ತು. ಅವಳು ಹೋದ ಮೇಲೆ ಆ ಟಕ್ ಟಕ್ ಇಲ್ಲದೆ ನನ್ನ ಬಾಯಿಗೆ ಲಗಾಮೇ ಇಲ್ಲದಂತಾಯಿತು. ಕುರ್ಚಿ ಮಾಡಿಸಲು ಬಂದ ಒಬ್ಬ ಮನುಷ್ಯ, ಕೊನೆಗೆ ಕುರ್ಚಿ ಬೇಡ, ಮನೆಗೆ ಹೋಗಿ ನೆಲದ ಮೇಲೆ ಕೂರುತ್ತೇನೆ ಎಂದು ಎದ್ದುಹೋದ.

ಮಗಳು ಅಲ್ಲಿಂದ ಫೋನ್ ಮಾಡುತ್ತಿದ್ದಳು. ಬೇರೆ ತಂದೆಯರು ಏನು ಕೇಳುತ್ತಾರೋ ನನಗೆ ಗೊತ್ತಿಲ್ಲ. ನಾನು, "ಅಲ್ಲಿ ಬಾಗಿಲು ಯಾವ ಮರದ್ದು?" ಎಂದು ಕೇಳುತ್ತಿದ್ದೆ.

"ಮರ ಅಲ್ಲಪ್ಪ. ಮರದ ಹೊಟ್ಟು ಒತ್ತಿ ಮಾಡಿದ್ದು."

"ಹೊಟ್ಟಾ? ಅದರ ಹಿಂದೆ ಹೇಗೆ ನಿದ್ದೆ ಮಾಡ್ತೀಯೇ?"

"ಇಲ್ಲಿ ಯಾರೂ ಬಾಗಿಲು ಬಡಿಯಲ್ಲಪ್ಪ. ಯಾರೂ ಕೂಗೋದೂ ಇಲ್ಲ. ಒಬ್ಬರ ಪಕ್ಕ ಒಬ್ಬರು ಹಾದು ಹೋದ್ರೂ ಕ್ಷಮಿಸಿ ಅಂತಾರೆ."

"ಪಾಪ," ಎಂದೆ ನಾನು.

ಇನ್ನು ಭಾನುವಾರಗಳು. ಭಾನುವಾರ ಬೆಳಗ್ಗೆ ನಾನೂ ಮಗಳೂ ಮರದ ಅಂಗಡಿಗೆ ಹೋಗಿ ಜಗಳ ಮಾಡಿ ಬರುತ್ತಿದ್ದೆವು. ಒಬ್ಬನೇ ಹೋಗಲು ಮನಸ್ಸಾಗಲಿಲ್ಲ. ಸುಮ್ಮನೆ ಕೂರುವುದು ಹೇಗೆ? ಎಡಚಿ ಅಡುಗೆಮನೆಯ ಬಾಗಿಲು ತೆರೆಯುವಾಗ ದಿನವೂ ಮೊಣಕೈ ತಗುಲಿಸಿಕೊಳ್ಳುತ್ತಿದ್ದಳು, ಹಿಡಿ ಬಲಕ್ಕಿತ್ತು. ಒಂದು ಭಾನುವಾರ ಆ ಬಾಗಿಲು ಕಳಚಿ, ಬಿಜಾಗರಿ ಬಲಕ್ಕೆ ಬಡಿದು, ಹಿಡಿ ಎಡಕ್ಕೆ ಹಾಕಿದೆ. ಮುಂದಿನ ಭಾನುವಾರ ಪಾತ್ರೆಯ ಕಪಾಟು. ಅದರ ಮುಂದಿನ ಭಾನುವಾರ ಬಟ್ಟೆಯ ಕಪಾಟು. ನಮ್ಮ ಮನೆಯಲ್ಲಿ ಬಾಗಿಲುಗಳು ಮುಗಿದವು, ಭಾನುವಾರಗಳು ಮುಗಿಯಲಿಲ್ಲ. ಹೆಂಡತಿ ಹೇಳಿದಳು, "ರೀ, ಬೀದಿ ಬಾಗಿಲಿಗೆ ಮಾತ್ರ ಕೈ ಹಚ್ಚಬೇಡಿ, ನಂಗೆ ನಮ್ಮನೆ ಅಂತ ಗುರುತಾದ್ರೂ ಸಿಗ್ಲಿ."

ಎಡಚಿ ಊರಿಗೆ ಹೋಗುವ ಹೊತ್ತಿಗೆ ನಮ್ಮ ಭಾಷೆಯಲ್ಲಿ ಪಳಗಿದ್ದಳು. ಮರದ ವ್ಯಾಪಾರಿ ಒಂದು ಕೆಟ್ಟ ಹಲಗೆ ತಂದು ಹಾಕಿದಾಗ, ಸೊಂಟಕ್ಕೆ ಕೈಯಿಟ್ಟು, "ಏನ್ರೀ, ಇದು ಮರಾನಾ, ರಟ್ಟಾ?" ಎಂದು ಕೇಳಿದಳು. ಅವನು ಬೆಪ್ಪಾಗಿ ಹಲಗೆ ಬದಲಾಯಿಸಿಕೊಟ್ಟ. ಈಗ ಅವಳ ಊರಿನಿಂದ ಅವಳ ತಂದೆ ಮೇಡಂ ಅವರಿಗೆ ಫೋನ್ ಮಾಡಿದ್ದಾರಂತೆ. ತಿಂಡಿ ತಿನ್ನದೆ ಯಾರಾದರೂ ಹೊರಟರೆ ಇವಳು ಬಾಗಿಲಿಗೆ ಅಡ್ಡ ನಿಂತು ಕೂಗುತ್ತಾಳಂತೆ. ಮೊನ್ನೆ ಆ ತಂದೆಯೂ ತಿರುಗಿ ಕೂಗಿದರಂತೆ, ಹುಟ್ಟಿದ ಮೇಲೆ ಮೊದಲ ಸಲ. ಕೂಗಿದ ಮೇಲೆ ಮೈ ಹಗುರವಾಯಿತು ಎಂದರಂತೆ. ಮೇಡಂ ನಗುತ್ತಿದ್ದಾರೆ, ಸುಳ್ಳಲ್ಲ.

ಹಾಗಾದರೆ ನಮಗೆ ವಾಪಸ್ ಬಂದದ್ದು ಏನು?

ವಿಮಾನ ನಿಲ್ದಾಣಕ್ಕೆ ನಾನು ಒಂದು ಬೈಗುಳ ತಯಾರು ಮಾಡಿಕೊಂಡು ಹೋಗಿದ್ದೆ. ಒಂದು ವರ್ಷದ ಬೈಗುಳ ಅದು, ಸಣ್ಣದಲ್ಲ. ಎಷ್ಟು ಸೊರಗಿದ್ದೀಯ ಎಂದು ಶುರು, ಅಪ್ಪನ ನೆನಪು ಇತ್ತೇನೇ ಎಂದು ಕೊನೆ. ದಾರಿಯುದ್ದಕ್ಕೂ ಬಾಯಲ್ಲೇ ಉರು ಹೊಡೆದಿದ್ದೆ. ಮಗಳು ಪೆಟ್ಟಿಗೆ ತಳ್ಳಿಕೊಂಡು ಬಂದಳು. ಬಂದು ನನ್ನ ಕೈ ಕುಲುಕಿ, "ಹೇಗಿದ್ದೀರಿ ಅಪ್ಪ? ಇಷ್ಟು ದೂರ ಬಂದಿದ್ದಕ್ಕೆ ಧನ್ಯವಾದ" ಎಂದಳು. ಉರು ಹೊಡೆದ ಬೈಗುಳವೆಲ್ಲ ಬಿಟ್ಟು ನಾನು, "ಪ್ರಯಾಣ ಸುಖವಾಗಿತ್ತೇ?" ಎಂದುಬಿಟ್ಟೆ. ಸಭಿಕರೇ, ಸ್ವಂತ ಮಗಳಿಗೆ.

ಮನೆಗೆ ಬಂದಳು. ಕೈತೊಳೆದು ಅಡುಗೆಮನೆಯ ಕಡೆ ಹೋದಳು. ಹುಟ್ಟಿದಾಗಿನಿಂದ ತೆರೆಯುತ್ತಿದ್ದ ಬಾಗಿಲು. ಕೈ ತಾನೇ ಬಲಕ್ಕೆ ಹೋಯಿತು. ಅಲ್ಲಿ ಹಿಡಿ ಇರಲಿಲ್ಲ. ಹಳೆಯ ತೂತಿಗೆ ನಾನು ತುಂಬಿದ ಮೇಣ ಮಾತ್ರ. ಒಂದು ಗಳಿಗೆ ಹಾಗೇ ನಿಂತಳು. ನಾನು ಹಿಂದೆಯೇ ಇದ್ದೆ. ಈಗ ಕೂಗುತ್ತಾಳೆ, "ಅಪ್ಪ, ಏನಿದು ನಿನ್ನ ಕಿತಾಪತಿ" ಅನ್ನುತ್ತಾಳೆ ಎಂದು ಆಸೆಯಿಂದ ಕಾದೆ. ಇವಳು ಬೆರಳು ಮಡಿಸಿ ಬಾಗಿಲು ತಟ್ಟಿದಳು. ಮೆಲ್ಲಗೆ. "ಒಳಗೆ ಬರಬಹುದಾ?" ಎಂದು ಕೇಳಿದಳು. ಒಳಗಿದ್ದ ನನ್ನ ತಾಯಿ, "ಯಾರೋ ಬಂದಿದಾರೆ ನೋಡು" ಎಂದರು.

ನೀವು ನಕ್ಕಿರಿ. ನಾನೂ ನಗಬೇಕಿತ್ತು.

"ಬಾಗಿಲು ಹಳೇ ಥರ ತಿರುಗಿಸಿ ಹಾಕ್ತೀನಿ ತಾಳು," ಎಂದೆ. "ಬೇಡ ಅಪ್ಪ, ಯಾಕೆ ತೊಂದರೆ ತಗೋತೀರಿ" ಎಂದಳು. ಬಡಗಿಗೆ ಬಾಗಿಲು ತೊಂದರೆಯೇ? ತಂದೆಗೆ ಮಗಳು ತೊಂದರೆಯೇ? ಆವತ್ತಿನಿಂದ ಇವತ್ತಿನವರೆಗೆ ಮೂರು ವಾರ, ನಮ್ಮ ಮನೆ ತುಂಬಾ ಮರ್ಯಾದೆ. ಚಹಾ ಕೊಟ್ಟರೆ ಧನ್ಯವಾದ. ದಾರಿಯಲ್ಲಿ ಎದುರಾದರೆ ಕ್ಷಮಿಸಿ. ಕಪಾಟು ತೆರೆಯಲು ಅಮ್ಮನ ಅಪ್ಪಣೆ. ನಮ್ಮಲ್ಲೂ ಒಬ್ಬೊಬ್ಬರಾಗಿ ಆ ಜಡ್ಡು ಹಿಡಿಯುತ್ತಿದೆ. ನಿನ್ನೆ ನನ್ನ ಹೆಂಡತಿ ನನಗೆ, "ದಯವಿಟ್ಟು ಏಳುತ್ತೀರಾ?" ಎಂದಳು. ನಾನು ಹೆದರಿ ಎದ್ದೆ.

ನನ್ನ ಉಳಿ, ಸುತ್ತಿಗೆ, ಬಿಜಾಗರಿಯ ತಿರುಪು ಎಲ್ಲ ಅಡುಗೆಮನೆಯ ಮೂಲೆಯಲ್ಲೇ ಇಟ್ಟಿದ್ದೇನೆ. ಅವಳು ಒಂದು ಮಾತು ಹೇಳಲಿ ಎಂದು ಕಾಯುತ್ತಿದ್ದೇನೆ. ನಾನೇ ತಿರುಗಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅತಿಥಿಗಾಗಿ ಒಂದು ಸಲ ತಿರುಗಿಸಿದ ಬಾಗಿಲನ್ನು ಇನ್ನೊಬ್ಬ ಅತಿಥಿಗಾಗಿ ತಿರುಗಿಸಲು ನನಗೆ ಇಷ್ಟವಿಲ್ಲ. ಮಗಳು ಕೇಳಿದರೆ ತಿರುಗಿಸುತ್ತೇನೆ. ಕೇಳುವುದೂ ಅಲ್ಲ, ಗದರಿಸಿದರೆ.

ಎಲ್ಲಿಗೋ ಹೋದೆ, ಕ್ಷಮಿಸಿ. ನೋಡಿ, ನನ್ನ ಬಾಯಲ್ಲೂ ಬಂತು. ಮುಖ್ಯೋಪಾಧ್ಯಾಯಿನಿಯವರು ಗಡಿಯಾರ ನೋಡುತ್ತಿದ್ದಾರೆ. ಮಕ್ಕಳು ಒಬ್ಬರನ್ನೊಬ್ಬರು ಜಿಗುಟುತ್ತಿದ್ದಾರೆ. ಆದರೂ ಈ ಮೇಜಿನ ಮರದ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಇದು ಸಾಮಾನ್ಯ ಮರವಲ್ಲ. ಇದು ಬೆಳೆದ ಕಾಡು ಎಂಥದ್ದು ಎಂದರೆ...

ಒಂದು ನಿಮಿಷ.

ಆ ಸದ್ದು ನಿಮಗೆ ಕೇಳಿಸಿತೇ? ಹಿಂದಿನ ಸಾಲಿನವರಿಗೆ ಕೇಳಿಸಿರಲಿಕ್ಕಿಲ್ಲ. ನನ್ನ ಬೆನ್ನ ಹಿಂದೆ, ವೇದಿಕೆಯ ಆ ಉದ್ದನೆಯ ಮೇಜಿನ ಮೇಲೆ. ಗೆಣ್ಣಿನಿಂದ, ಎರಡು ಸಲ.

ನಾನು ತಿರುಗಿ ನೋಡುವುದಿಲ್ಲ. ನೋಡಿದರೆ ಮೇಜು ಇನ್ನೂ ಅಲುಗುತ್ತದೆ.

ಈಗ ಅವಳು ಏನೋ ಹೇಳಿದಳು. ಮೈಕಿಗೆ ಸಿಕ್ಕಿಲ್ಲ, ನಾನೇ ಹೇಳಿಬಿಡುತ್ತೇನೆ. ಹೂಗುಚ್ಛದ ಮರೆಯಿಂದ ಹಲ್ಲು ಕಚ್ಚಿ, "ಅಪ್ಪ, ಸಾಕು ಮಾಡು. ಮಾನ ಕಳೀಬೇಡ. ಇಳಿ ಕೆಳಗೆ. ಮನೆಗೆ ಹೋಗಿ ಮೊದ್ಲು ಆ ದರಿದ್ರ ಬಾಗಿಲು ತಿರುಗ್ಸು" ಎಂದಳು.

ಮುಖ್ಯೋಪಾಧ್ಯಾಯಿನಿಯವರೇ, ಮೇಡಂ ಅವರೇ, ಸಭಿಕರೇ, ನನಗೆ ತುರ್ತು ಕೆಲಸ ಬಂದಿದೆ. ನನ್ನ ಮಗಳು ಒಂದು ವರ್ಷದ ಮೇಲೆ ಮನೆಗೆ ಬಂದಿದ್ದಾಳೆ. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ವಂದನೆಗಳು. ಅವಳಿಗೆ ಮಾತ್ರ ನಾನು ಧನ್ಯವಾದ ಹೇಳುವುದಿಲ್ಲ.

ನಮಸ್ಕಾರ.