ಸಡಿಲಕ್ಕೆಂದು ಎರಡು ಇಂಚು

ಚಳಿಗಾಲದ ಒಂದು ಬುಧವಾರ, ಬೆಳಗಿನ ಒಂಬತ್ತು ಗಂಟೆ. ಸೊಸೆಯನ್ನು ಸ್ಕ್ಯಾನಿಂಗ್ ಕೋಣೆಯೊಳಗೆ ಕಳಿಸಿ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅಜ್ಜಿಯ ಪಕ್ಕಕ್ಕೆ ಎಂಟು ತಿಂಗಳ ಬಸುರಿಯೊಬ್ಬಳು ಗಂಡನ ಜೊತೆ ಬಂದು ಕುಳಿತಳು. ಅವನ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ದರ್ಜಿ ಎಂದು ಅಜ್ಜಿ ತಿಳಿದುಕೊಂಡಳು.

“ಮಗು ಸರಿಯಾಗಿ ಬೆಳೀತಿಲ್ಲ ಅಂತ ಡಾಕ್ಟ್ರು ಅಂದಾಗಿನಿಂದ ನೀವು ನನ್ನ ಹೊಟ್ಟೆ ಅಳೆದದ್ದೇ ಅಳೆದದ್ದು. ಎಲ್ಲಿ, ಅಳತೆ ಬರೆದ ಚೀಟಿ ತೋರ್ಸಿ.”

“ನೋಡೇ, ಹೋದ ವಾರಕ್ಕಿಂತ ಎರಡು ಇಂಚು ಜಾಸ್ತಿ!”

“ವಾರಕ್ಕೆ ಎರಡು ಇಂಚಾ? ಸಡಿಲಕ್ಕೆ ಅಂತ ಸೇರ್ಸಿ ಬರೆದಿದ್ದೀರಿ, ಅಲ್ವಾ?”

ದರ್ಜಿ ಚೀಟಿ ತಿರುಗಿಸಿ ನೋಡಿದ. “ಅಯ್ಯೋ, ಹೌದಲ್ಲೇ! ಕೈ ಅಭ್ಯಾಸ.”

“ನಾನೇನು ರವಿಕೆ ಹೊಲಿಸೋಕೆ ಬಂದೋಳಾ?”

“ಹಾಗಾದ್ರೆ ಬೆಳೆದೇ ಇಲ್ವೇನೇ?”

“ಒದೀತಾ ಇದೆಯಲ್ರೀ. ನೀವು ಹತ್ರ ಬಂದ್ರೆ ಇನ್ನೂ ಜೋರು. ಥೇಟ್ ನಿಮ್ಮಮ್ಮನ ಕೋಪ.”

“ನಮ್ಮಮ್ಮನ್ನ ಯಾಕೆ ಎಳೀತೀಯ? ಇವತ್ತೂ ಬೆಳೆದಿಲ್ಲ ಅಂದ್ರೆ ಇವತ್ತೇ ಆಪರೇಷನ್ ಮಾಡಿ ತೆಗೀತಾರಂತೆ.”

“ತೆಗೀಲಿ ಬಿಡಿ. ಒಳಗಿದ್ದು ಅರೆಹೊಟ್ಟೆ ಇರೋದಕ್ಕಿಂತ ಹೊರಗೆ ಬಂದು ಚೆನ್ನಾಗಿ ಕುಡೀಲಿ.”

“ನಿನಗೆ ಸ್ವಲ್ಪವೂ ಹೆದರಿಕೆ ಇಲ್ವಲ್ಲೇ ಮಾರಾಯ್ತಿ!”

“ಇಬ್ರೂ ಹೆದರ್ಕೊಂಡು ಕೂತ್ರೆ ಆಯ್ತು ನಮ್ಮ ಕಥೆ.”

ಅಜ್ಜಿಗೆ ನಗು ಬಂತು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಸೊಸೆ ಹೊರಬಂದಳು. ನರ್ಸು ಬಾಗಿಲಲ್ಲೇ ನಿಂತು, “ಮುಂದಿನವರು ಬನ್ನಿ” ಎಂದಳು.

ಬಸುರಿ ಎದ್ದು ಎರಡು ಹೆಜ್ಜೆ ನಡೆದು ನಿಂತುಬಿಟ್ಟಳು.

“ರೀ, ನೀವೂ ಒಳಗೆ ಬನ್ನಿ. ನನ್ನ ಕೈ ಹಿಡ್ಕೊಳ್ಳಿ.”

“ಯಾಕೇ?”

“ಹಿಡ್ಕೊಳ್ಳಿ ಅಂದೆ.”

ಆ ಬುಧವಾರ ಅವರಿಬ್ಬರೂ ಕೈ ಹಿಡಿದುಕೊಂಡೇ ಒಳಗೆ ಹೋದರು.